20 ಡಾಲರ್ ನೋಟಿನ ಮೇರಿ ರೇಬಿ: ಗಡೀಪಾರಾದ ಕೈದಿಯ ಬದುಕನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಪರ್ರಮಟ್ಟದ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾವು ಸಿಡ್ನಿಯಲ್ಲಿದ್ದೇವೆ. ಮಗಳಿಗೆ ಶಾಲೆಯಲ್ಲಿ ಇತಿಹಾಸದ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಬ್ರಿಟನ್ನಿನಿಂದ ಇಲ್ಲಿಗೆ ಗಡೀಪಾರಾಗಿ ಬಂದ ಒಬ್ಬ ಕೈದಿಯನ್ನು ಆರಿಸಿಕೊಂಡು ಅವರ ಬದುಕನ್ನು ಮೂಲ ದಾಖಲೆಗಳಿಂದಲೇ ಬರೆಯಬೇಕು, ಪ್ರತಿ ಮಾತಿಗೂ ಆಧಾರ ತೋರಿಸಬೇಕು. ಅವಳು ಆರಿಸಿದ್ದು ಮೇರಿ ರೇಬಿಯನ್ನು. ಇಲ್ಲಿನ 20 ಡಾಲರ್ ನೋಟಿನ ಒಂದು ಬದಿಯಲ್ಲಿ ಕನ್ನಡಕ ಹಾಕಿಕೊಂಡು, ಬಿಳಿ ಟೊಪ್ಪಿಗೆ ತೊಟ್ಟಿರುವ ಅಜ್ಜಿ ಅವರೇ.

ಗೊತ್ತಿರುವುದು ಇಷ್ಟು. 1777ರಲ್ಲಿ ಲ್ಯಾಂಕಾಶೈರಿನ ಬರಿ ಎಂಬ ಊರಿನಲ್ಲಿ ಜನನ, ಆಗಿನ ಹೆಸರು ಮೋಲಿ ಹೇಡಾಕ್. ಹುಡುಗನ ವೇಷದಲ್ಲಿ, ಜೇಮ್ಸ್ ಬರೋ ಎಂದು ಹೆಸರು ಹೇಳಿಕೊಂಡಿದ್ದಾಗ ಕುದುರೆ ಕಳವಿನ ಆರೋಪದ ಮೇಲೆ ಸಿಕ್ಕಿಬಿದ್ದಳು. ಸ್ಟಾಫರ್ಡಿನಲ್ಲಿ ವಿಚಾರಣೆ ನಡೆದು 7 ವರ್ಷದ ಗಡೀಪಾರು ಶಿಕ್ಷೆಯಾಯಿತು. 1792ರ ಅಕ್ಟೋಬರಿನಲ್ಲಿ ರಾಯಲ್ ಅಡ್ಮಿರಲ್ ಹಡಗಿನಲ್ಲಿ ಸಿಡ್ನಿಗೆ ಬಂದಳು. 1794ರಲ್ಲಿ ಥಾಮಸ್ ರೇಬಿ ಎಂಬ ಹಡಗಿನ ಅಧಿಕಾರಿಯೊಂದಿಗೆ ಮದುವೆ, ಏಳು ಮಕ್ಕಳು. 1811ರಲ್ಲಿ ಗಂಡ ತೀರಿಕೊಂಡ ಮೇಲೆ ಹಡಗು, ಗೋದಾಮು, ಜಮೀನು ಎಲ್ಲವನ್ನೂ ತಾನೇ ನಡೆಸಿ ಊರಿನ ದೊಡ್ಡ ವ್ಯಾಪಾರಿಗಳಲ್ಲಿ ಒಬ್ಬಳಾದಳು. 1855ರಲ್ಲಿ ನಿಧನ.

ತೊಡಕು ಇರುವುದು ಇವುಗಳ ನಡುವಿನ ವಿವರಗಳಲ್ಲಿ. ತಮಾಷೆಗೆ ಕುದುರೆ ಏರಿ ಹೋದಳು ಎಂದು ಒಬ್ಬರು, ಮನೆಗೆಲಸದಿಂದ ತಪ್ಪಿಸಿಕೊಂಡು ಓಡುವಾಗ ಕದ್ದಳು ಎಂದು ಇನ್ನೊಬ್ಬರು. ವಿಚಾರಣೆಯ ವರ್ಷವೇ ಕೆಲವೆಡೆ 1790, ಕೆಲವೆಡೆ 1791. ಯಾವುದನ್ನು ನಂಬುವುದು? ಎಲ್ಲಿಂದ ಶುರು ಮಾಡುವುದು?

ಇದರ ಜೊತೆಗೆ ಊರಿನಿಂದ ಬಂದಿರುವ ನಮ್ಮ ಅತ್ತೆಯವರು ನೋಟನ್ನು ಕೈಯಲ್ಲಿ ಹಿಡಿದು, "ಕುದುರೆ ಕದ್ದವಳ ಚಿತ್ರ ದುಡ್ಡಿನ ಮೇಲೆಯೇ? ಮಗುವಿಗೆ ಬೇರೆ ಯಾರೂ ಸಿಗಲಿಲ್ಲವೇ?" ಎಂದು ಕೇಳುತ್ತಿದ್ದಾರೆ. ಅವರಿಗೂ ಒಂದು ಉತ್ತರ ಬೇಕು.

ಹಳೇಕಡತ

ಒಳ್ಳೆಯ ಆಯ್ಕೆ ಮೇಡಂ. ಮೊದಲು ಒಂದು ಮಾತು: ಕೈದಿಯನ್ನು ಹೆಸರಿನಿಂದ ಹುಡುಕಬೇಡಿ, ಹಡಗಿನಿಂದ ಹುಡುಕಿ. ಮೇರಿ, ಜಾನ್, ಥಾಮಸ್ ಎಂಬ ಹೆಸರಿನವರು ಆ ಕಾಲದ ಪಟ್ಟಿಗಳಲ್ಲಿ ಸಾವಿರಗಟ್ಟಲೆ ಇದ್ದಾರೆ. ಆದರೆ "ರಾಯಲ್ ಅಡ್ಮಿರಲ್, 1792" ಎಂಬ ಜೋಡಿ ಆ ವ್ಯಕ್ತಿಯ ಬೆನ್ನಿಗೆ ಸಾಯುವವರೆಗೂ ಅಂಟಿಕೊಂಡಿರುತ್ತದೆ. ಜನಗಣತಿಯಿರಲಿ, ಬಿಡುಗಡೆ ಪತ್ರವಿರಲಿ, ಮದುವೆಗೆ ಸರ್ಕಾರದ ಅನುಮತಿ ಕೇಳುವ ಅರ್ಜಿಯಿರಲಿ, ಗುಮಾಸ್ತ ಮೊದಲು ಕೇಳುತ್ತಿದ್ದುದು ಯಾವ ಹಡಗು, ಯಾವ ವರ್ಷ ಎಂದೇ.

ಸಾಗುವ ದಾರಿ ಹೀಗೆ. ಇಂಗ್ಲೆಂಡಿನಲ್ಲಿ ವಿಚಾರಣೆಯ ಕಡತ. ಅಲ್ಲಿಂದ ಗೃಹ ಇಲಾಖೆಯ ಗಡೀಪಾರು ವಹಿಗಳು. ಇವು ಲಂಡನ್ ಬಳಿಯ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಎಚ್‌ಒ 11 ಎಂಬ ಸರಣಿಯಲ್ಲಿವೆ, 1787ರಿಂದ ಶುರು. ಹಡಗು ಇಲ್ಲಿಗೆ ಮುಟ್ಟಿದಾಗ ಒಪ್ಪಿಸಿದ ಕೈದಿಗಳ ಪಟ್ಟಿ ನ್ಯೂ ಸೌತ್ ವೇಲ್ಸ್ ರಾಜ್ಯ ಪತ್ರಾಗಾರದಲ್ಲಿದೆ. ಆಮೇಲೆ ಕಾಲೋನಿಯ ತಲೆಗಣತಿ, ಜಮೀನು ಮಂಜೂರಾತಿ, ಪತ್ರಿಕೆಗಳು, ಚರ್ಚಿನ ವಹಿಗಳು.

ಇನ್ನೂ ಒಂದು ವಿಷಯ. ಅವರ ಉಪನಾಮವನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ರೇಬಿ, ರೀಬಿ, ರಾಬಿ, ಎಲ್ಲ ಕಾಗುಣಿತಗಳಲ್ಲೂ ಹುಡುಕಿ.

ಜಯನಗರ4ನೇಬ್ಲಾಕ್

ಇಷ್ಟೆಲ್ಲ ಏಕೆ? ಓಲ್ಡ್ ಬೇಲಿ ಕೋರ್ಟಿನ 1674ರಿಂದ 1913ರವರೆಗಿನ ವಿಚಾರಣೆಗಳೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿವೆ. ಹೆಸರು ಹಾಕಿದರೆ ಮುಗಿಯಿತು.

ಹಳೇಕಡತ

ಮುಗಿಯುವುದಿಲ್ಲ ಸರ್. ಓಲ್ಡ್ ಬೇಲಿ ಎಂದರೆ ಲಂಡನ್ ನಗರ ಮತ್ತು ಮಿಡ್ಲ್‌ಸೆಕ್ಸ್ ಜಿಲ್ಲೆ. ಮೇರಿಯ ವಿಚಾರಣೆ ನಡೆದದ್ದು ಸ್ಟಾಫರ್ಡಿನಲ್ಲಿ. ಜಿಲ್ಲೆಗಳಲ್ಲಿ ನ್ಯಾಯಾಧೀಶರು ವರ್ಷಕ್ಕೆ ಒಂದೆರಡು ಬಾರಿ ಸವಾರಿ ಬಂದು ಕೋರ್ಟು ನಡೆಸುತ್ತಿದ್ದರು, ಅದಕ್ಕೆ ಅಸೈಜ್ ಎನ್ನುತ್ತಾರೆ. ಅಲ್ಲಿ ಸಾಕ್ಷಿಗಳು ಆಡಿದ ಮಾತನ್ನು ಓಲ್ಡ್ ಬೇಲಿಯಂತೆ ಅಚ್ಚು ಹಾಕಿಸಿ ಮಾರುತ್ತಿರಲಿಲ್ಲ. ಸಾಮಾನ್ಯವಾಗಿ ಸಿಗುವುದು ಹೆಸರು, ಆರೋಪ, ತೀರ್ಪು, ಶಿಕ್ಷೆ, ಅಷ್ಟೇ. "ತಮಾಷೆಗೆ ಹತ್ತಿದಳು", "ಓಡಿಹೋಗಲು ಕದ್ದಳು" ಎಂಬ ಎರಡು ಕಥೆಗಳೂ ಹುಟ್ಟಿಕೊಳ್ಳಲು ಜಾಗ ಸಿಕ್ಕಿದ್ದೇ ಈ ಮೌನದಲ್ಲಿ. ಮೇಡಂ, ವರ್ಷದ ಗೊಂದಲವೂ ಅಸೈಜ್ ವಹಿಯ ಮೂಲ ಹಾಳೆ ನೋಡಿದರೆ ಬಗೆಹರಿಯುವಂಥದು. ಯಾರ ಪುಸ್ತಕದಲ್ಲಿ ಏನಿದೆ ಎಂದು ತೂಗುತ್ತ ಕೂರಬೇಡಿ.

ಮಲ್ನಾಡ್_ಮೆಲ್ಬರ್ನ್

ಓಲ್ಡ್ ಬೇಲಿಯ ಕಡತ ಹೇಗಿರುತ್ತದೆ ಎಂದು ಮಗಳಿಗೆ ತೋರಿಸಬೇಕಾದರೆ ಮೇರಿ ವೇಡ್ ಎಂಬ ಹುಡುಗಿಯ ಪ್ರಕರಣ ಓದಿಸಿ. 1789ರ ಜನವರಿ. ಇನ್ನೊಬ್ಬ ಹುಡುಗಿಯ ಜೊತೆ ಸೇರಿ, ತನಗಿಂತ ಚಿಕ್ಕ ಮಗುವೊಂದರ ಮೈಮೇಲಿನ ಹತ್ತಿ ಫ್ರಾಕು, ಹೆಗಲ ವಸ್ತ್ರ, ಟೊಪ್ಪಿಗೆ ಕಿತ್ತುಕೊಂಡಳು ಎಂಬ ಆರೋಪ. ಮರಣದಂಡನೆ ವಿಧಿಸಿದರು! ಎರಡು ತಿಂಗಳಿಗೆ ಮೂರನೇ ಜಾರ್ಜ್ ದೊರೆಯ ಬುದ್ಧಿಭ್ರಮಣೆ ವಾಸಿಯಾಯಿತೆಂದು ಸಾರಿದ ಸಂಭ್ರಮದಲ್ಲಿ ಹಲವು ಹೆಂಗಸರ ನೇಣು ತಪ್ಪಿ ಗಡೀಪಾರಾಯಿತು, ಅವರಲ್ಲಿ ಇವಳೂ ಒಬ್ಬಳು. 1790ರ ಜೂನ್‌ನಲ್ಲಿ ಲೇಡಿ ಜೂಲಿಯಾನಾ ಹಡಗಿನಲ್ಲಿ ಸಿಡ್ನಿ ತಲುಪಿದಳು. ಮುಂದೆ ದೊಡ್ಡ ಸಂಸಾರವಾಯಿತು. ಪ್ರಧಾನಿಯಾಗಿದ್ದ ಕೆವಿನ್ ರಡ್ ಅವಳ ವಂಶಸ್ಥರು.

ಆ ವಿಚಾರಣೆಯಲ್ಲಿ ಫ್ರಾಕನ್ನು ಗಿರವಿ ಇಟ್ಟದ್ದು, ಮೇಲುವಸ್ತ್ರ ಪತ್ತೆಯಾದದ್ದು, ಯಾರು ಯಾರಿಗೆ ಏನು ಹೇಳಿದರು ಎಂಬುದೆಲ್ಲ ಇದೆ. ಮೇರಿ ರೇಬಿಯ ವಿಷಯದಲ್ಲಿ ಅಂಥ ಭಾಗ್ಯ ನಮಗಿಲ್ಲ.

ಸತ್ಯಮೇವ_ಹಾಸನ

ಇಲ್ಲಿ ಎಲ್ಲರೂ ಮಗುವಿನ ಅಜ್ಜಿಯ ಪ್ರಶ್ನೆಯನ್ನು ಬದಿಗಿಟ್ಟು ಕಡತದ ಮಾತಿಗೆ ಹೋಗಿದ್ದೀರಿ. ನಾನು ಅಜ್ಜಿಯ ಪರ. ಕದ್ದದ್ದು ಕದ್ದದ್ದೇ. ಕಳ್ಳರು, ಕೊಲೆಗಡುಕರು ಕಟ್ಟಿದ ದೇಶ, ಈಗ ನೋಟಿನ ಮೇಲೆ ಮೆರೆಸುತ್ತಾರೆ. ಮಕ್ಕಳಿಗೆ ಇದರಿಂದ ಯಾವ ಪಾಠ ಹೋಗುತ್ತದೆ?

ಮಲ್ನಾಡ್_ಮೆಲ್ಬರ್ನ್

ಕೊಲೆಗಡುಕರು ಎಂಬುದನ್ನು ಮೊದಲು ಬಿಡಿ. ಕೊಲೆ ಮಾಡಿದವರನ್ನು ಆ ಕಾಲದ ಇಂಗ್ಲೆಂಡ್ ಹಡಗು ಹತ್ತಿಸುತ್ತಿರಲಿಲ್ಲ, ಬಹುಮಟ್ಟಿಗೆ ಗಲ್ಲಿಗೇರಿಸುತ್ತಿತ್ತು. 1788ರಿಂದ 1868ರವರೆಗೆ ಇಲ್ಲಿಗೆ ಬಂದ ಸುಮಾರು 1,62,000 ಕೈದಿಗಳಲ್ಲಿ ಬಹುಪಾಲು ಜನರ ಅಪರಾಧ ಕಳವು. ಬಟ್ಟೆ, ಚಮಚ, ಕುರಿ, ಕುದುರೆ. ಕುದುರೆ ಕಳವಿಗೆ ಕಾನೂನಿನಲ್ಲಿ ನೇಣಿನ ಶಿಕ್ಷೆಯಿತ್ತು. ಹದಿಹರೆಯದ ತಬ್ಬಲಿ ಹುಡುಗಿಯನ್ನು ಅಷ್ಟು ದೂರ ಅಟ್ಟಿದ ಕಾನೂನಿನ ಬಗ್ಗೆ ಒಂದು ಮಾತೂ ಆಡದೆ ಅವಳನ್ನು ಮಾತ್ರ ಕಳ್ಳಿ ಎನ್ನುವುದು ಯಾವ ನ್ಯಾಯ?

ಸತ್ಯಮೇವ_ಹಾಸನ

ಕಾನೂನು ಕಠಿಣವಾಗಿತ್ತು, ಒಪ್ಪುತ್ತೇನೆ. ಆದರೆ ಕಠಿಣ ಕಾನೂನಿನ ಕೈಗೆ ಸಿಕ್ಕವರೆಲ್ಲ ಪೂಜ್ಯರಾಗುವುದಿಲ್ಲ.

ಕಾವೇರಿ_ಕರೆ

ಪೂಜ್ಯರೆಂದು ಯಾರು ಹೇಳಿದರು ಸರ್? ಹೆಂಗಸೊಬ್ಬಳು ಗಂಡ ಸತ್ತ ಮೇಲೆ ಏಳು ಮಕ್ಕಳನ್ನು ಕಟ್ಟಿಕೊಂಡು, ಸಮುದ್ರ ವ್ಯಾಪಾರವನ್ನು ಎತ್ತಿ ನಿಲ್ಲಿಸಿದಳು. ಗಂಡನ ಪಾಲುದಾರ ಎಡ್ವರ್ಡ್ ವಿಲ್ಸ್ ಕೂಡ ಅದರ ಮುಂದಿನ ತಿಂಗಳೇ ತೀರಿಕೊಂಡ. ಅಂದರೆ ಇಡೀ ಹೊರೆ ಒಂದೇ ತಲೆಗೆ ಬಿತ್ತು. 1812ರಲ್ಲಿ ಜಾರ್ಜ್ ಸ್ಟ್ರೀಟಿನಲ್ಲಿ ಹೊಸ ಮಳಿಗೆ, 1817ರಲ್ಲಿ ಇನ್ನಷ್ಟು ಹಡಗು. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್, ಈಗಿನ ವೆಸ್ಟ್‌ಪ್ಯಾಕ್, ಬಾಗಿಲು ತೆರೆದದ್ದು ಮೆಕ್ವಾರಿ ಪ್ಲೇಸಿನಲ್ಲಿದ್ದ ಅವಳ ಮನೆಯಲ್ಲಿ. ನೋಟಿನ ಮೇಲೆ ಚಿತ್ರ ಹಾಕಲು ಇದು ಸಾಲದೇ?

ಸತ್ಯಮೇವ_ಹಾಸನ

ಅದೇ 1817ರ ಮೇ ತಿಂಗಳಲ್ಲಿ ತನಗೆ ಸಾಲ ಕೊಡಬೇಕಿದ್ದವನೊಬ್ಬನ ಮೇಲೆ ಕೈಮಾಡಿದ್ದಕ್ಕೆ ಕೋರ್ಟು ಅವಳನ್ನು ತಪ್ಪಿತಸ್ಥೆ ಎಂದಿತಲ್ಲ, ಅದನ್ನೂ ಪ್ರಾಜೆಕ್ಟಿನಲ್ಲಿ ಬರೆಸಿ.

ಪರ್ರಮಟ್ಟದ ಕನ್ನಡತಿ

ಅದನ್ನೂ ಖಂಡಿತ ಸೇರಿಸುತ್ತಾಳೆ. ಮಗಳಿಗೆ ಅದೇ ಎಲ್ಲಕ್ಕಿಂತ ಇಷ್ಟವಾದ ಭಾಗ. ಹೊಗಳಿಕೆಯ ಲೇಖನಗಳಲ್ಲಿ ಅವಳು ಬರೀ "ಧರ್ಮಾತ್ಮಳಾದ ವ್ಯಾಪಾರಿ". ಕೋರ್ಟಿನ ಕಡತದಲ್ಲಿ ಬಾಕಿ ವಸೂಲಿಗೆ ಹೊರಟ ಸಿಟ್ಟಿನ ಹೆಂಗಸು. ಮಗುವಿಗೆ ಈಗ ಅವಳು ನಿಜವಾದ ಮನುಷ್ಯಳಂತೆ ಕಾಣುತ್ತಿದ್ದಾಳಂತೆ.

ಓಲೆಗರಿ

ಎಲ್ಲರೂ ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ. ಮೇರಿಯದೇ ಕೈಬರಹದ ಪತ್ರವಿದೆ! ಹಡಗು ಸಿಡ್ನಿ ಮುಟ್ಟಿದ ಮರುದಿನ, 1792ರ ಅಕ್ಟೋಬರ್ 8ರಂದು, ಹಡಗಿನಲ್ಲೇ ಕುಳಿತು ಚಿಕ್ಕಮ್ಮ ಪೆನೆಲೊಪಿ ಹೋಪ್ ಅವರಿಗೆ ಬರೆದದ್ದು. ಮೂಲ ಪ್ರತಿ ಸಿಡ್ನಿಯ ರಾಜ್ಯ ಗ್ರಂಥಾಲಯದಲ್ಲಿದೆ. ಆಗ ಅವಳಿಗೆ ಹದಿನೈದು ವರ್ಷ.

ಅದರಲ್ಲಿ ಏನಿದೆ ನೋಡಿ. ಊರು ನೋಡಲು ಪರವಾಗಿಲ್ಲ ಎನ್ನುತ್ತಾಳೆ. ವಾರಕ್ಕೆ ನಾಲ್ಕು ಜೊತೆ ಷರಾಯಿ ಹೊಲಿದುಕೊಟ್ಟರೆ ಸಾಕಂತೆ. ವಾರಕ್ಕೆ ಒಂದು ಪೌಂಡ್ ಅಕ್ಕಿ, ನಾಲ್ಕು ಪೌಂಡ್ ಹಂದಿಮಾಂಸ, ಜೊತೆಗೆ ಸೊಪ್ಪು ತರಕಾರಿ ಕೊಡುತ್ತಾರಂತೆ. ಆಮೇಲೆ ಎದೆ ಹಿಂಡುವ ಸಾಲು: ಇಲ್ಲಿ ಕೆಲವರು ನಿನ್ನದು ಜೀವಾವಧಿ ಎನ್ನುತ್ತಿದ್ದಾರೆ, ಗವರ್ನರ್ ಹೇಳಿದ್ದು ಏಳೇ ವರ್ಷ ಎಂದು, ನೆನೆದರೆ ಬಹಳ ದುಃಖವಾಗುತ್ತದೆ ಎಂದು ಬರೆಯುತ್ತಾಳೆ. ಎರಡು ಮೂರು ವರ್ಷದಲ್ಲಿ ಇಲ್ಲಿಂದ ಹೊರಡಲು ಸಿಗುವ ಯಾವ ಅವಕಾಶವನ್ನೂ ಬಿಡುವುದಿಲ್ಲ, ಅಲ್ಲಿಯವರೆಗೆ ಆದಷ್ಟು ಸಂತೋಷವಾಗಿರುತ್ತೇನೆ ಎಂದು ಚಿಕ್ಕಮ್ಮನಿಗೇ ಸಮಾಧಾನ ಹೇಳುತ್ತಾಳೆ.

ಕಾಗುಣಿತ ತಪ್ಪುಗಳಿಂದ ತುಂಬಿದ ಆ ಪತ್ರಕ್ಕಿಂತ ಒಳ್ಳೆಯ ಮೂಲ ದಾಖಲೆ ಯಾವುದು? ಪ್ರಾಜೆಕ್ಟನ್ನು ಅದರಿಂದಲೇ ಶುರು ಮಾಡಿಸಿ.

ಹಳೇಕಡತ

ಓಲೆಗರಿಯವರೇ, ಪತ್ರದ ಮಾತು ತಂದದ್ದಕ್ಕೆ ವಂದನೆ. ಆ ಗೊಂದಲಕ್ಕೆ ಹಿನ್ನೆಲೆಯೂ ಇದೆ. 1788ರಲ್ಲಿ ಬಂದ ಮೊದಲ ಹಡಗುಪಡೆಯ ಜೊತೆ ಕೈದಿಗಳ ಶಿಕ್ಷೆಯ ಕಾಗದಗಳನ್ನೇ ಸರಿಯಾಗಿ ಕಳಿಸಿರಲಿಲ್ಲ. ಅವಧಿ ಮುಗಿಯಿತು ಎಂದು ಕೈದಿ ಹೇಳಿದರೆ ಅದನ್ನು ಒಪ್ಪಲು ಗವರ್ನರ್ ಫಿಲಿಪ್ ಬಳಿ ಕಾಗದವಿಲ್ಲ. ಮನುಷ್ಯನ ಸ್ವಾತಂತ್ರ್ಯ ಲಂಡನ್ನಿನ ಯಾವುದೋ ಕಪಾಟಿನಲ್ಲಿ ಉಳಿದ ಹಾಳೆಯ ಮೇಲೆ ನಿಂತಿತ್ತು. ಅಂಥ ಊರಿಗೆ ಬಂದಿಳಿದ ಹುಡುಗಿಗೆ "ನಿನ್ನದು ಜೀವಾವಧಿ" ಎಂದು ಯಾರಾದರೂ ಹೇಳಿದರೆ ನಡುಕ ಹುಟ್ಟದೇ ಇರುತ್ತದೆಯೇ?

ಅಡುಗೆಮನೆ_ಪುರಾಣ

ಅಕ್ಕಿ ಎಂದ ಕೂಡಲೇ ನನ್ನ ಕಿವಿ ನಿಮಿರಿತು. 1792ರಲ್ಲಿ ಸಿಡ್ನಿಯಲ್ಲಿ ಅಕ್ಕಿ ಎಲ್ಲಿಂದ ಬಂತು?

ಓಲೆಗರಿ

ಕಲ್ಕತ್ತೆಯಿಂದ! ಆ ವರ್ಷದ ಜೂನ್‌ನಲ್ಲಿ ಅಟ್ಲಾಂಟಿಕ್ ಎಂಬ ಸರಕು ಹಡಗು ಬಂಗಾಳದಿಂದ ಅಕ್ಕಿ, ರವೆ, ಬೇಳೆ ಹೊತ್ತು ಬಂದಿತ್ತು. ಕಾಲೋನಿಯ ನ್ಯಾಯಾಧಿಕಾರಿ ಡೇವಿಡ್ ಕಾಲಿನ್ಸ್ ತನ್ನ ವೃತ್ತಾಂತದಲ್ಲಿ ರವೆಯನ್ನು ಸೂಜಿ, ಬೇಳೆಯನ್ನು ದಾಲ್ ಎಂದು ನಮ್ಮ ಕಡೆಯ ಹೆಸರುಗಳಿಂದಲೇ ಬರೆದಿದ್ದಾನೆ. ಮೇರಿಯ ಪತ್ರದ ಅಕ್ಕಿ ಅದೇ ಹಡಗಿನದು ಎಂದು ಯಾವ ಕಾಗದವೂ ಹೇಳುವುದಿಲ್ಲ, ಹಾಗಾಗಿ ಪ್ರಾಜೆಕ್ಟಿನಲ್ಲಿ ಹಾಗೆ ಬರೆಯಬಾರದು. ಆದರೆ ನಾಲ್ಕೇ ತಿಂಗಳ ಅಂತರ.

ಅಡುಗೆಮನೆ_ಪುರಾಣ

ಅಂದರೆ ಸಿಡ್ನಿಯ ಮೊದಲ ಬೇಳೆ ಸಾರು ನಾವು ಹೋಗುವುದಕ್ಕೆ ಇನ್ನೂರು ವರ್ಷ ಮೊದಲೇ ಕುದ್ದಿತ್ತು! ಒಗ್ಗರಣೆ ಹಾಕಲು ಯಾರಿದ್ದರೋ ಪಾಪ.

ಜಯನಗರ4ನೇಬ್ಲಾಕ್

ಭಾರತದ ನಂಟು ಅಷ್ಟಕ್ಕೇ ನಿಲ್ಲುವುದಿಲ್ಲ. ರಾಯಲ್ ಅಡ್ಮಿರಲ್ ಹಡಗು ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ್ದು. ಗಂಡ ಥಾಮಸ್ ಕೂಡ ಕಂಪನಿಯ ಸೇವೆಯಲ್ಲಿ ಇದ್ದವನು. ಅವರ ಸಿಡ್ನಿ ಮನೆಯ ಹೆಸರು ಎಂಟಾಲಿ. ಅದು ಕಲ್ಕತ್ತೆಯ ಒಂದು ಬಡಾವಣೆ, ಈಗಲೂ ಇದೆ. 1809ರ ಕೊನೆಯಲ್ಲಿ ಥಾಮಸ್ ಚೀನಾ ಮತ್ತು ಭಾರತದ ಕಡೆಗೆ ವ್ಯಾಪಾರಕ್ಕೆ ಹೊರಟ, ಹಿಂದಿರುಗಿದ ಮೇಲೆ ಕಾಯಿಲೆ ಬಿದ್ದು 1811ರ ಏಪ್ರಿಲ್‌ನಲ್ಲಿ ಸತ್ತ.

ಹೋಬಾರ್ಟ್_ಹುಡುಗಿ

ಆ ಎಂಟಾಲಿ ಹೆಸರು ನಮ್ಮ ಟಾಸ್ಮೇನಿಯಾದಲ್ಲೂ ಇದೆ! ಲಾನ್ಸೆಸ್ಟನ್ ಹತ್ತಿರದ ಹ್ಯಾಡ್‌ಸ್ಪೆನ್‌ನಲ್ಲಿ ಮೇರಿಯ ಹಿರಿಯ ಮಗ ಕಟ್ಟಿಸಿದ ಎಂಟಾಲಿ ಎಸ್ಟೇಟ್. ಅವನ ಮಗ, ಅಂದರೆ ಮೇರಿಯ ಮೊಮ್ಮಗ ಥಾಮಸ್ ರೇಬಿ, 1876ರಲ್ಲಿ ಟಾಸ್ಮೇನಿಯಾದ ಪ್ರೀಮಿಯರ್, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ ಆದ. ಕೈದಿಯ ಮೊಮ್ಮಗ.

ಯಾರಾದರೂ ಬೇರೆ ಕೈದಿಯನ್ನು ಹುಡುಕುವವರಿದ್ದರೆ ನನ್ನ ಸಲಹೆ, ಟಾಸ್ಮೇನಿಯಾಕ್ಕೆ ಬಂದವರನ್ನು ಆರಿಸಿಕೊಳ್ಳಿ. ಸಿಡ್ನಿಯ ಮೊದಮೊದಲ ಪಟ್ಟಿಗಳಲ್ಲಿ ಹೆಸರು, ವಿಚಾರಣೆಯ ಊರು, ಶಿಕ್ಷೆ ಬಿಟ್ಟರೆ ಏನೂ ಇರುವುದಿಲ್ಲ. ಇಲ್ಲಿನ ನಡತೆ ವಹಿಯ ಒಂದು ಹಾಳೆ ತೆರೆದರೆ ಎತ್ತರ, ಮೈಬಣ್ಣ, ಹುಬ್ಬು, ಗಲ್ಲದ ಆಕಾರ, ತೋಳಿನ ಮೇಲಿನ ಹಚ್ಚೆಯಲ್ಲಿ ಯಾವ ಅಕ್ಷರಗಳಿವೆ ಎಂಬುದರವರೆಗೆ ಬರೆದಿಟ್ಟಿದ್ದಾರೆ. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಹಾಳೆಯ ಅಂಚಿನವರೆಗೆ ಒತ್ತೊತ್ತಾಗಿ, ಮಾಡಿದ ಪ್ರತಿ ತಪ್ಪು: ಕುಡಿದದ್ದು, ಯಜಮಾನನಿಗೆ ಎದುರು ಮಾತನಾಡಿದ್ದು, ರಾತ್ರಿ ಹೊರಗೆ ಉಳಿದದ್ದು. ಎದುರಿಗೇ ಶಿಕ್ಷೆ: ಇಷ್ಟು ದಿನ ಒಂಟಿ ಕೋಣೆ, ಇಷ್ಟು ತಿಂಗಳು ಬಟ್ಟೆ ಒಗೆಯುವ ತೊಟ್ಟಿ. ಹೋಬಾರ್ಟಿನ ಕ್ಯಾಸ್ಕೇಡ್ಸ್ ಮಹಿಳಾ ಬಂದೀಖಾನೆಯ ಅಂಗಳದಲ್ಲಿ ನಿಂತಾಗ ನನಗೆ ನೆನಪಾದದ್ದು ಆ ಹಾಳೆಗಳೇ. ಅದೂ ಸೇರಿ ಹನ್ನೊಂದು ಕೈದಿ ತಾಣಗಳು 2010ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ವಹಿಗಳನ್ನೆಲ್ಲ ರಾಜ್ಯ ಗ್ರಂಥಾಲಯದ ತಾಣದಲ್ಲಿ ಹಣ ಕೊಡದೆ ನೋಡಬಹುದು.

ಪರ್ರಮಟ್ಟದ ಕನ್ನಡತಿ

ಮನುಷ್ಯರ ಮೇಲೆ ಇಷ್ಟು ಕಣ್ಣಿಟ್ಟು ಬರೆದಿಟ್ಟಿದ್ದಾರಲ್ಲ!

ಹೋಬಾರ್ಟ್_ಹುಡುಗಿ

ಹೌದು. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನೆಮ್ಮದಿಯಾಗಿ ಕೂಲಿ ಮಾಡಿಕೊಂಡಿದ್ದ ಬಡವಳ ಕಣ್ಣಿನ ಬಣ್ಣ ಯಾರಿಗೂ ಗೊತ್ತಿಲ್ಲ. ಈ ಕೈದಿ ದಾಖಲೆಗಳನ್ನು 2007ರಲ್ಲಿ ಯುನೆಸ್ಕೋ ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿದೆ.

ದಂಡುಪ್ರದೇಶ

ಕರ್ನಾಟಕದವರಿಗೆ ಹತ್ತಿರದ ಒಂದು ವಿಷಯ. ಮೇರಿಯಂಥ ಮಾಜಿ ಕೈದಿಗಳಿಗೆ ಸಮಾಜದಲ್ಲಿ ತಲೆ ಎತ್ತಲು ಅವಕಾಶ ಕೊಟ್ಟವನು ಗವರ್ನರ್ ಲಾಕ್ಲನ್ ಮೆಕ್ವಾರಿ, 1810ರಿಂದ 1821ರವರೆಗೆ. ಶಿಕ್ಷೆ ಮುಗಿದವರನ್ನು ತನ್ನ ಊಟದ ಮೇಜಿಗೆ ಕರೆದ, ಮ್ಯಾಜಿಸ್ಟ್ರೇಟರನ್ನಾಗಿ ಮಾಡಿದ, ಅದಕ್ಕಾಗಿ ಸ್ವತಂತ್ರವಾಗಿ ಬಂದ ಸಿರಿವಂತರ ದ್ವೇಷ ಕಟ್ಟಿಕೊಂಡ. ಮೇರಿ ಕೊಂಡ ಒಂದು ಹಡಗಿನ ಹೆಸರೂ ಗವರ್ನರ್ ಮೆಕ್ವಾರಿ. ಇದೇ ಮನುಷ್ಯ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬಾಂಬೆ ಸೇನೆಯ ಜೊತೆಗಿದ್ದ. ಟಿಪ್ಪು ಬಿದ್ದ ಆ ದಿನಗಳ ಅವನ ದಿನಚರಿ ಕೂಡ ಸಿಡ್ನಿಯ ಗ್ರಂಥಾಲಯದಲ್ಲೇ ಇದೆ.

ಕಾವೇರಿ_ಕರೆ

ಇದು ನನಗೆ ಹೊಸದು! ಶ್ರೀರಂಗಪಟ್ಟಣಕ್ಕೆ ಎಷ್ಟು ಬಾರಿ ಹೋಗಿಬಂದರೂ ಈ ನಂಟನ್ನು ಯಾರೂ ಹೇಳಿರಲಿಲ್ಲ.

ಮಲ್ನಾಡ್_ಮೆಲ್ಬರ್ನ್

ಮೆಕ್ವಾರಿಯನ್ನು ಉದಾರಿ ಎಂದು ಮಾತ್ರ ಹೇಳಿ ನಿಲ್ಲಿಸಬೇಡಿ. 1816ರ ಏಪ್ರಿಲ್‌ನಲ್ಲಿ ಅವನೇ ಕಳಿಸಿದ ಸೈನಿಕರು ಆಪಿನ್ ಎಂಬಲ್ಲಿ ಮೂಲನಿವಾಸಿಗಳ ಮೇಲೆ ರಾತ್ರಿ ಬಿದ್ದು ಗಂಡಸರು, ಹೆಂಗಸರು, ಮಕ್ಕಳೆಂದು ನೋಡದೆ ಕೊಂದರು. ಕನಿಷ್ಠ 14 ಮಂದಿ ಸತ್ತರು. ಕೈದಿಗಳಿಗೆ ತೆರೆದ ಬಾಗಿಲು ಆ ನೆಲದವರಿಗೆ ತೆರೆಯಲಿಲ್ಲ.

ಮೇರಿಯ ಕಥೆಯಲ್ಲೂ ಅದು ಬರಲೇಬೇಕು. ರೇಬಿ ದಂಪತಿ ಬೇಸಾಯ ಶುರು ಮಾಡಿದ ಹಾಕ್ಸ್‌ಬರಿ ನದಿಯ ದಂಡೆ ದಾರುಗ್ ಜನರ ನೆಲ. ಅವರು ಗೆಡ್ಡೆ ಅಗೆಯುತ್ತಿದ್ದ ಜಾಗದಲ್ಲಿ ಜೋಳ, ಗೋಧಿ ಬಿತ್ತಿದರು, ಅಲ್ಲಿಂದ ವರ್ಷಗಟ್ಟಲೆ ರಕ್ತ ಹರಿಯಿತು. ಜಮೀನು ಮಂಜೂರಾತಿ ಪತ್ರವೂ ಒಂದು ಮೂಲ ದಾಖಲೆಯೇ. ಆದರೆ ಅದರಲ್ಲಿ ಎಕರೆಯ ಲೆಕ್ಕ ಇರುತ್ತದೆ, ಅಲ್ಲಿ ಮೊದಲಿದ್ದವರ ಹೆಸರಿರುವುದಿಲ್ಲ.

ಸತ್ಯಮೇವ_ಹಾಸನ

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕುದುರೆ ಕದ್ದದ್ದಕ್ಕೆ ಕೋರ್ಟು, ನೆಲ ಕದ್ದದ್ದಕ್ಕೆ ಪಟ್ಟಾ.

ದಂಡುಪ್ರದೇಶ

ಒಪ್ಪಿದೆ. ಆಪಿನ್ ವಿಷಯ ಮುಚ್ಚಿಡುವ ಉದ್ದೇಶ ನನಗಿರಲಿಲ್ಲ. ಇನ್ನೊಂದು ನಂಟು ಹೇಳಿ ಮುಗಿಸುತ್ತೇನೆ. ಗಡೀಪಾರಾದವರೆಲ್ಲ ಇಂಗ್ಲೆಂಡಿನಿಂದಲೇ ಹೋದವರಲ್ಲ. ಭಾರತದ ದಂಡುಗಳಲ್ಲಿದ್ದ ಗೋರಾ ಸಿಪಾಯಿಗಳು ಮೇಲಧಿಕಾರಿಯ ಮೇಲೆ ಕೈಮಾಡಿದರೆ, ಪಲಾಯನ ಮಾಡಿದರೆ ಸೇನಾ ನ್ಯಾಯಾಲಯ ಇಲ್ಲಿಂದಲೇ ಸಿಡ್ನಿಗೆ, ಟಾಸ್ಮೇನಿಯಾಕ್ಕೆ ಕಳಿಸುತ್ತಿತ್ತು. ಅಂಥವರನ್ನು ಹುಡುಕುವವರು ಊರಿನ ಕಾಲಂನಲ್ಲಿ ಭಾರತದ ದಂಡು ಊರುಗಳ ಹೆಸರು ಹಾಕಿ ನೋಡಿ.

ತುಂಗಭದ್ರೆ

ಕೇಳುತ್ತೇನೆಂದು ಬೇಸರ ಬೇಡ. ನಮ್ಮವರನ್ನೇ ಕಂಪನಿ ಸರ್ಕಾರ ಪೆನಾಂಗ್, ಸಿಂಗಪುರ, ಮಾರಿಷಸ್‌ಗೆ, 1858ರಿಂದ ಅಂಡಮಾನಿಗೆ ಕರಿನೀರಿನ ಶಿಕ್ಷೆ ಕೊಟ್ಟು ಅಟ್ಟಿತು. ಅವರ ಬದುಕನ್ನು ಹುಡುಕುವ ಬಗ್ಗೆ ಏಕೆ ಇಷ್ಟು ಉದ್ದದ ಚರ್ಚೆ ನಡೆಯುವುದಿಲ್ಲ?

ಹಳೇಕಡತ

ನಡೆಯಬೇಕು, ನೀವೇ ಬೇರೆ ಚರ್ಚೆ ತೆರೆಯಿರಿ, ನಾನು ಖಂಡಿತ ಬರುತ್ತೇನೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಕಡತಗಳು, ಚೆನ್ನೈನ ಪತ್ರಾಗಾರ, ಎರಡನ್ನೂ ನೋಡಬೇಕಾಗುತ್ತದೆ. ಇಲ್ಲಿ ಆ ಹುಡುಗಿಯ ಪ್ರಾಜೆಕ್ಟ್ ದಾರಿ ತಪ್ಪುವುದು ಬೇಡ.

ಪರ್ರಮಟ್ಟದ ಕನ್ನಡತಿ

ಧನ್ಯವಾದ ಹಳೇಕಡತ ಸರ್. ಮೊದಲು ಒಂದು ಗಟ್ಟಿ ಪ್ರಶ್ನೆ. ಮಗಳು 1828ರ ಜನಗಣತಿಯ ವಿವರ ಓದುವಾಗ ಗಾಬರಿಯಾದಳು. ಅಲ್ಲಿ ಮೇರಿ "ಸ್ವತಂತ್ರಳಾಗಿ ಬಂದವಳು, 1821" ಎಂದಿದೆ! 1792 ಎಲ್ಲಿ ಹೋಯಿತು? ಬೇರೆ ಮೇರಿ ರೇಬಿಯನ್ನು ಹಿಡಿದಿದ್ದೇವೆಯೇ?

ಹಳೇಕಡತ

ಬೇರೆಯವಳಲ್ಲ, ಅವಳೇ! ನೀವು ಈ ಸಾಲಿಗೆ ಬರುತ್ತೀರೆಂದು ಕಾಯುತ್ತಿದ್ದೆ.

1828ರ ನವೆಂಬರಿನದು ಆ ಕಾಲೋನಿಯ ಮೊದಲ ನಿಜವಾದ ಜನಗಣತಿ. ಪ್ರತಿಯೊಬ್ಬರ ಮುಂದೆ ಎರಡಕ್ಷರದ ಗುರುತು ಹಾಕುತ್ತಿದ್ದರು: ಸ್ವತಂತ್ರವಾಗಿ ಬಂದವರಿಗೆ ಸಿಎಫ್, ಅಲ್ಲೇ ಹುಟ್ಟಿದವರಿಗೆ ಬಿಸಿ, ಶಿಕ್ಷೆ ತೀರಿಸಿ ಬಿಡುಗಡೆಯಾದವರಿಗೆ ಎಫ್‌ಎಸ್, ಹೀಗೆ. ಮೇರಿಯ ಮುಂದೆ ಇರಬೇಕಾದದ್ದು ಎಫ್‌ಎಸ್, ರಾಯಲ್ ಅಡ್ಮಿರಲ್, 1792. ಆದರೆ ಅವಳು 1820ರಲ್ಲಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿದ್ದಳು. ತಾನು ಕೈಕೋಳದಲ್ಲಿ ಬಿಟ್ಟುಬಂದ ಲ್ಯಾಂಕಾಶೈರಿಗೆ, ಈ ಬಾರಿ ಸಾಹುಕಾರ್ತಿಯಾಗಿ. ಅಲ್ಲಿ ಅವಳನ್ನು ಆದರದಿಂದ ನೋಡಿದರು. ಮರಳಿ ಸಿಡ್ನಿಗೆ ಇಳಿದದ್ದು 1821ರಲ್ಲಿ, ತನ್ನದೇ ದುಡ್ಡಿನ ಟಿಕೆಟ್ ಕೊಂಡ ಪ್ರಯಾಣಿಕಳಾಗಿ. ಏಳು ವರ್ಷದ ನಂತರ ಗಣತಿಯವನು ಬಾಗಿಲಿಗೆ ಬಂದಾಗ ಆ ಪ್ರಯಾಣವನ್ನೇ ಹೇಳಿದಳು. ಅಕ್ಷರಶಃ ನೋಡಿದರೆ ಸುಳ್ಳೂ ಅಲ್ಲ. 1821ರಲ್ಲಿ ಅವಳು ಸ್ವತಂತ್ರಳಾಗಿಯೇ ಬಂದಳು!

ಕಾವೇರಿ_ಕರೆ

ಓದಿ ಮೈ ಜುಮ್ಮೆಂದಿತು. ಮೂವತ್ತಾರು ವರ್ಷ ಹೊತ್ತ ಗುರುತನ್ನು ಒಂದೇ ಉತ್ತರದಲ್ಲಿ ಕಿತ್ತು ಹಾಕಿದ್ದಾಳೆ.

ಜಯನಗರ4ನೇಬ್ಲಾಕ್

ಹಾಗಾದರೆ ಮೂಲ ದಾಖಲೆಯೇ ಸುಳ್ಳು ಹೇಳುತ್ತದೆ ಎಂದಾಯಿತು. ಮೇಷ್ಟರು ಮೂಲ ದಾಖಲೆಯನ್ನೇ ನಂಬಿ ಎಂದದ್ದು ಏಕೆ?

ಹಳೇಕಡತ

ಮೇಷ್ಟರು ನಂಬಿ ಎಂದಿಲ್ಲ ಸರ್, ಆಧಾರ ತೋರಿಸಿ ಎಂದಿದ್ದಾರೆ. ಒಂದೇ ಕಾಗದ ಹಿಡಿದುಕೊಂಡವರು ಮೋಸ ಹೋಗುತ್ತಾರೆ. 1792ರ ಹಡಗಿನ ಪಟ್ಟಿ, ಪತ್ರ, 1794ರ ಮದುವೆಯ ವಹಿ, 1828ರ ಗಣತಿ, ನಾಲ್ಕನ್ನೂ ಒಟ್ಟಿಗೆ ಇಟ್ಟಾಗ ಗಣತಿಯ ಸಾಲು ತಪ್ಪು ಮಾಹಿತಿಯಾಗಿ ಉಳಿಯುವುದಿಲ್ಲ. ತನ್ನನ್ನು ಜನ ಹೇಗೆ ಕಾಣಬೇಕೆಂದು ಅವಳು ಬಯಸಿದಳು ಎಂಬುದಕ್ಕೆ ಅದೇ ಸಾಕ್ಷಿ. ಇಡೀ ಕಾಲೋನಿ ಹಾಗೆಯೇ ಯೋಚಿಸುತ್ತಿತ್ತು. ವ್ಯಾನ್ ಡೀಮನ್ಸ್ ಲ್ಯಾಂಡಿಗೆ ಗಡೀಪಾರು 1853ರಲ್ಲಿ ನಿಂತ ಮೇಲೆ ಆ ಕಳಂಕದ ಹೆಸರನ್ನೇ ಕಿತ್ತೊಗೆದು 1856ರಲ್ಲಿ ಟಾಸ್ಮೇನಿಯಾ ಎಂದು ಮಾಡಿಕೊಂಡರು.

ಹೋಬಾರ್ಟ್_ಹುಡುಗಿ

ಇಲ್ಲಿನ ಎಷ್ಟೋ ಮನೆಗಳಲ್ಲಿ ಎರಡು ತಲೆಮಾರಿನ ಹಿಂದಿನವರೆಗೂ ಕೈದಿ ಪೂರ್ವಜರ ಮಾತೆತ್ತುತ್ತಿರಲಿಲ್ಲ. ಈಗ ಕೈದಿಯೊಬ್ಬರು ವಂಶದಲ್ಲಿ ಸಿಕ್ಕರೆ ಹಬ್ಬ ಮಾಡುತ್ತಾರೆ. ಅದೇ ಅಜ್ಜಿಗೆ ಉತ್ತರ ಎಂದು ನನಗನ್ನಿಸುತ್ತದೆ ಮೇಡಂ: ನೋಟಿನ ಮೇಲೆ ಹಾಕಿದ್ದು ಕಳವನ್ನಲ್ಲ, ಆ ಕಳವನ್ನು ಮುಚ್ಚಿಡಬೇಕಾದ ನಾಚಿಕೆ ಕಳೆಯಿತು ಎಂಬುದನ್ನು.

ಸತ್ಯಮೇವ_ಹಾಸನ

ಉತ್ತರ ಚೆನ್ನಾಗಿದೆ. ಆದರೂ ಮೇರಿಯೇ ಮುಚ್ಚಿಟ್ಟದ್ದನ್ನು ನಾವು ನೋಟಿನ ಮೇಲೆ ಬಿಚ್ಚಿಟ್ಟಿದ್ದೇವಲ್ಲ, ಅವಳು ಒಪ್ಪುತ್ತಿದ್ದಳೇ?

ಓಲೆಗರಿ

ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಪ್ರಾಜೆಕ್ಟಿನಲ್ಲಿ ಇದೊಂದು ಪ್ಯಾರಾ ಆಗಬೇಕು. ಉತ್ತರ ಮಗುವೇ ಬರೆಯಲಿ.

ಪರ್ರಮಟ್ಟದ ಕನ್ನಡತಿ

ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ, ಆ ಪ್ರಶ್ನೆಯನ್ನು ಬರೆದುಕೊಂಡಳು. ಅತ್ತೆಯವರಿಗೆ ಪತ್ರದ ಭಾಗ ಓದಿ ಹೇಳಿದೆ. "ಹದಿನೈದಕ್ಕೆ ಅಮ್ಮನಿಲ್ಲದ ಕೂಸು" ಎಂದು ಸುಮ್ಮನಾದರು. ನೋಟಿನ ವಿಷಯದಲ್ಲಿ ಇನ್ನೂ ಒಪ್ಪಿಲ್ಲ.

ಇನ್ನು ಉಳಿದದ್ದು ಪತ್ರಿಕೆಗಳು. ಹಣ ಕಟ್ಟಬೇಕೇ? ವಂಶವೃಕ್ಷದ ತಾಣಗಳು ವರ್ಷದ ಚಂದಾ ಕೇಳುತ್ತಿವೆ.

ಮಲ್ನಾಡ್_ಮೆಲ್ಬರ್ನ್

ಚಂದಾ ಕಟ್ಟಬೇಡಿ. ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ, ಅನೇಕ ಕಡೆ ಅಲ್ಲಿನ ಕಂಪ್ಯೂಟರಿನಲ್ಲಿ ಅವನ್ನು ಉಚಿತವಾಗಿ ನೋಡಬಹುದು. ಪತ್ರಿಕೆಗಳಿಗೆ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ತಾಣವಿದೆ, ಪೂರ್ತಿ ಉಚಿತ. 1803ರ ಮಾರ್ಚ್‌ನಲ್ಲಿ ಶುರುವಾದ ಸಿಡ್ನಿ ಗೆಜೆಟ್‌ನ ಸಂಚಿಕೆಗಳು ಅಲ್ಲಿವೆ. ಹಳೆಯ ಅಚ್ಚು ಮಸುಕಾಗಿರುವುದರಿಂದ ಯಂತ್ರ ಅಕ್ಷರಗಳನ್ನು ತಪ್ಪಾಗಿ ಓದುತ್ತದೆ. ಹೆಸರು ಹಾಕಿದಾಗ ಸಿಗದಿದ್ದರೆ ಜಾರ್ಜ್ ಸ್ಟ್ರೀಟ್, ಹಡಗಿನ ಹೆಸರು, ಎಂಟಾಲಿ ಎಂದೆಲ್ಲ ಹಾಕಿ ನೋಡಲಿ. ತಪ್ಪು ಕಂಡಲ್ಲಿ ಓದುಗರೇ ತಿದ್ದಬಹುದು, ಮಗಳೂ ಒಂದೆರಡು ಸಾಲು ತಿದ್ದಲಿ.

ಹಳೇಕಡತ

ಇನ್ನೊಂದು ಎಚ್ಚರ. ಎಲ್ಲವೂ ಸಿಗುತ್ತದೆ ಎಂದುಕೊಳ್ಳಬೇಡಿ. 1882ರ ಸೆಪ್ಟೆಂಬರಿನಲ್ಲಿ ಸಿಡ್ನಿಯ ಗಾರ್ಡನ್ ಪ್ಯಾಲೆಸ್ ಸುಟ್ಟುಹೋದಾಗ 1881ರ ಜನಗಣತಿಯ ಹಾಳೆಗಳೂ ಬೂದಿಯಾದವು. ಮೇರಿಯ ಮಕ್ಕಳು ಮೊಮ್ಮಕ್ಕಳ ಜಾಡು ಹಿಡಿಯುವಾಗ ಆ ಕಿಂಡಿ ಎದುರಾಗುತ್ತದೆ. ಅಲ್ಲಿ ಚರ್ಚಿನ ವಹಿಗಳು, ಉಯಿಲುಗಳೇ ಗತಿ.

ಪರ್ರಮಟ್ಟದ ಕನ್ನಡತಿ

ಸರಿ. ಶನಿವಾರ ಗ್ರಂಥಾಲಯಕ್ಕೆ ಹೋಗುತ್ತೇವೆ. 1828ರ ಸಾಲನ್ನು ಪ್ರಾಜೆಕ್ಟಿನಲ್ಲಿ ಎಲ್ಲಿ ಇಡುವುದು ಎಂದು ಮಗಳು ಕೇಳುತ್ತಿದ್ದಾಳೆ. ಕಾಲಕ್ರಮದಲ್ಲಿ ಕೊನೆಗೆ ಬರಬೇಕೋ, ಮೊದಲಿಗೆ ಬರಬೇಕೋ?

ಓಲೆಗರಿ

ಮೊದಲು! ಆ ಸಾಲು ಓದಿದವರು ಮುಂದೆ ಓದದೆ ಬಿಡುವುದಿಲ್ಲ. ಅದಾದ ಮೇಲೆ ಪತ್ರ.

ಹಳೇಕಡತ

ನನ್ನ ಮತ ಬೇರೆ. ಕಾಲಕ್ರಮ ಮುರಿಯಬೇಡಿ. 1792ರ ಪಟ್ಟಿಯನ್ನೂ ಪತ್ರವನ್ನೂ ಓದಿಕೊಂಡು ಬಂದವರಿಗೆ ಮಾತ್ರ 1828ರ ಆ ಎರಡಕ್ಷರದ ತೂಕ ಗೊತ್ತಾಗುತ್ತದೆ.

ಓಲೆಗರಿ

ಹದಿನಾಲ್ಕು ವರ್ಷದ ಮಕ್ಕಳ ತರಗತಿ ಸರ್ ಅದು, ವಿಶ್ವವಿದ್ಯಾಲಯದ ಪ್ರಬಂಧವಲ್ಲ. ಮೊದಲ ಪುಟದಲ್ಲೇ ಹಿಡಿಯಬೇಕು. ಮಗಳೇ ತೀರ್ಮಾನಿಸಲಿ, ಮುಗಿದ ಮೇಲೆ ಇಲ್ಲಿ ಹಾಕಿ.